ಕೋರ್ಟಿಗೆ ಬಂತು ಕದ್ದ ಮಾತು!

ತುಮಕೂರು ಕಡೆಯ ಓದುಗ ಮಿತ್ರರೊಬ್ಬರ ಪತ್ರ ಬಂದಿದೆ. ಮದುವೆಯಾಗಿ ಎರಡು ವರ್ಷ, ಮನೆಯಲ್ಲಿ ದಿನಾ ರಂಪ. ಹೆಂಡತಿಯ ಜೊತೆ ನಡೆದ ಜಗಳವನ್ನು ಆಕೆಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರಂತೆ. "ಇದು ಕೋರ್ಟಿನಲ್ಲಿ ನಡೆಯುತ್ತಾ ಸಾರ್? ಇಲ್ಲಾ ನನ್ನನ್ನೇ ಒಳಗೆ ಹಾಕ್ತಾರಾ?"

ಹಳೇ ಚಿತ್ರಗಳ ಕ್ಲೈಮ್ಯಾಕ್ಸ್ ನೆನಪಾಯ್ತು ಕಣ್ರೀ! ಕೋರ್ಟ್ ಸೀನು. ಹೀರೋ ಟೇಪ್ ರೆಕಾರ್ಡರ್ ಗುಂಡಿ ಒತ್ತುತ್ತಾನೆ, ವಿಲನ್ ಬೆವರುತ್ತಾನೆ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ. ನಿಜವಾದ ಕೋರ್ಟು ಅಷ್ಟು ಸಲೀಸಲ್ಲ.

1872ರ ಸಾಕ್ಷ್ಯ ಕಾಯಿದೆಯ 122ನೇ ಕಲಮು ಗಂಡಹೆಂಡಿರ ಗುಟ್ಟಿನ ಮಾತಿಗೆ ಬೀಗ ಹಾಕಿತ್ತು. ಆದರೆ ಅವರಿಬ್ಬರ ನಡುವೆಯೇ ದಾವೆ ಬಿದ್ದರೆ ಬೀಗ ಇಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಇದೇ ಮಾತಿದೆ.

ಪಂಜಾಬಿನ ಭಟಿಂಡಾದಲ್ಲಿ ವಿಚ್ಛೇದನ ಕೇಳಿದ ಗಂಡನೊಬ್ಬ ಹೆಂಡತಿಯ ಜೊತೆಗಿನ ಫೋನ್ ಮಾತುಗಳ ಸಿ.ಡಿ. ತಂದ. ಕುಟುಂಬ ನ್ಯಾಯಾಲಯ 2020ರಲ್ಲಿ ಸೈ ಎಂದಿತು. ಹೈಕೋರ್ಟು 2021ರಲ್ಲಿ, ಇದು ಆಕೆಯ ಖಾಸಗಿತನಕ್ಕೆ ಧಕ್ಕೆ ಎಂದು ತಳ್ಳಿಹಾಕಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಮತ್ತೆ ಸೈ ಎಂದಿತು. ಆ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಗಂಡಹೆಂಡಿರು ಒಬ್ಬರ ಮೇಲೊಬ್ಬರು ಪತ್ತೇದಾರಿ ಮಾಡುವ ಮಟ್ಟಕ್ಕೆ ಬಂದಿದ್ದರೆ, ಆ ಸಂಸಾರ ಆಗಲೇ ಮುರಿದಿರುವುದಕ್ಕೆ ಅದೇ ಗುರುತು ಎಂದೂ ಪೀಠ ಹೇಳಿತು.

ಹಿಗ್ಗಬೇಡಿ ಮಿತ್ರರೇ! ಆ ತೀರ್ಪು ನೀವು ಮತ್ತು ಆಕೆ ಆಡಿದ ಮಾತಿಗೆ. ಆಕೆ ತವರಿನವರ ಜೊತೆ, ಗೆಳತಿಯರ ಜೊತೆ ಆಡುವುದನ್ನು ಕದ್ದು ಹಿಡಿದರೆ ಕಥೆಯೇ ಬೇರೆ. ಹಾಗೆ ಹಿಡಿದ ಗಂಡನೊಬ್ಬನ ಟೇಪನ್ನು ಆಂಧ್ರ ಹೈಕೋರ್ಟು 2007ರಲ್ಲೇ ಆಚೆ ಎಸೆದಿದೆ. ನೀವೂ ಆಡಿದ ಮಾತನ್ನು ರೆಕಾರ್ಡ್ ಮಾಡಿದ ಮಾತ್ರಕ್ಕೆ ಒಳಗೆ ಹಾಕೋದಿಲ್ಲ, ಸರಿ. ಆದರೆ ಅದನ್ನು ನೆಂಟರ ವಾಟ್ಸಾಪಿಗೆಲ್ಲ ಹರಿಬಿಟ್ಟಿರೋ, ಕೇಸು ನಿಮ್ಮ ಮೇಲೇ ತಿರುಗಬಹುದು.

ಆಮೇಲೆ ಪುರಾವೆ. ದನಿ ಆಕೆಯದೇ, ಎಲ್ಲೂ ಕತ್ತರಿ ಆಡಿಸಿಲ್ಲ ಅಂತ ತೋರಿಸಬೇಕು. ಕಾಯಿದೆ ಕೇಳುವ ಸರ್ಟಿಫಿಕೇಟೂ ಬೇಕು.

ಹನ್ನೆರಡು ನಿಮಿಷದ ರೆಕಾರ್ಡಿಂಗ್ ಅಂತ ಬರೆದಿದ್ದೀರಿ. ಆಕೆಯ ವಕೀಲರು "ಪೂರ್ತಿ ಹಾಕಿ ಸ್ವಾಮಿ" ಅಂತಾರೆ. ಅದರಲ್ಲಿ ನಿಮ್ಮ ದನಿಯೂ ಇದೆಯಲ್ಲ? ಇವತ್ತು ರಾತ್ರಿ ಒಬ್ಬರೇ ಕೂತು ಅದನ್ನು ಕೇಳಿಸಿಕೊಳ್ಳಿ. ವಕೀಲರ ಮನೆ ಮೆಟ್ಟಿಲು ಆಮೇಲೆ ಹತ್ತುವಿರಂತೆ.