ರೋಪರ್‌ನಿಂದ ಹಲಸಂಗಿ ಎಷ್ಟು ದೂರ?

ಎಐ ಸಂಶೋಧನೆಗೆ ಕೇಂದ್ರ ಸರ್ಕಾರ ಕೊಡೋ ದುಡ್ಡು ಯಾವ ಊರಿಗೆ ಹೋಗುತ್ತೆ ಅಂತ ಮ್ಯಾಪ್ ಮೇಲೆ ಗುರುತು ಹಾಕೋಕೆ ಕೂತ್ವಿ. 2024ರ ಅಕ್ಟೋಬರ್‌ನಲ್ಲಿ ಮೂರು ಎಐ ಉತ್ಕೃಷ್ಟತಾ ಕೇಂದ್ರಗಳು ಘೋಷಣೆಯಾದವು, ಒಟ್ಟು 990 ಕೋಟಿ. ಆರೋಗ್ಯದ ಮುಂದಾಳತ್ವ ದೆಹಲಿಗೆ, ನಗರಗಳದ್ದು ಕಾನ್ಪುರಕ್ಕೆ, ಕೃಷಿಯದ್ದು ಪಂಜಾಬಿನ ರೋಪರ್ ಐಐಟಿಗೆ. ರೋಪರ್ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದೆ). ಆದ್ರೆ ಅಲ್ಲಿ ಗೋಧಿ, ಭತ್ತ. ನಮ್ಮ ಭೀಮಾ ತೀರದಲ್ಲಿ ಬಿಳಿಜೋಳ, ಜಿಐ ಟ್ಯಾಗ್ ಸಿಕ್ಕಿರೋ ಇಂಡಿ ಲಿಂಬೆ.

ಮೊನ್ನೆ ನಮ್ಮಲ್ಲೊಬ್ಬನ ಅಜ್ಜಿ ಒಂದು ವಾಯ್ಸ್ ಆ್ಯಪ್‌ಗೆ "ಲಿಂಬಿ ಗಿಡಕ್ಕ ಏನ್ ಹೊಡೀಬೇಕ್ರಿ" ಅಂತ ಕೇಳಿದ್ರು. ಅದು 'ನಂಬಿ' ಅಂತ ಬರ್ಕೊಂಡಿತು. "ಇದಕ್ಕ ಕಿವಿ ಕೇಳಂಗಿಲ್ಲೇನು?" ಅಂದ್ರು ಅಜ್ಜಿ.

ಜಿಪಿಯು ದೊಡ್ಡ ಊರಲ್ಲೇ ಇರಲಿ ಬಿಡಿ. ಇಂಡಿಯಾ ಎಐ ಮಿಷನ್‌ನಲ್ಲಿ ಅದನ್ನ ದೂರದಿಂದಲೇ ರಿಯಾಯಿತಿ ದರಕ್ಕೆ ಬಳಸೋ ವ್ಯವಸ್ಥೆ ಇದೆ. ನಮಗೆ ದೂರ ಆಗಿರೋದು ಫೆಲೋಶಿಪ್ಪು, ಗೈಡು, ಯಾವ ಸಮಸ್ಯೆ ಮೊದಲು ಅಂತ ತೀರ್ಮಾನ ಮಾಡೋ ಮೀಟಿಂಗು.

ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಸುತ್ತಲಿನ ಹೆಣ್ಮಕ್ಕಳ ಹಾಡು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ನಮ್ಮ ಬ್ರಾಂಚಿನ ಭಾಷೆಯಲ್ಲಿ ಅದು ಡೇಟಾಸೆಟ್. ಆ ಮಾತು ಆಡ್ತಾ ಬೆಳೆದವರೇ ಕೂತು ಕೇಳಿ ಬರೆದದ್ದು.

ಹಾಗಾಗಿ ನಾವು ಕೇಳೋದು ಇಷ್ಟೇ. ಇಂಥ ಕೇಂದ್ರಗಳಿಗೆ ಕೊಡೋ ಪ್ರತಿ ಕೋಟಿಯಲ್ಲಿ ಒಂದು ಪಾಲು ಜಿಲ್ಲೆಯ ಕಾಲೇಜುಗಳಿಗೆ ಕಡ್ಡಾಯವಾಗಿ ಬರಲಿ. ವಿಜಯಪುರದಲ್ಲೇ ಕೂತು ಮಾತು ಸಂಗ್ರಹಿಸಿ ಮಾಡೆಲ್ ಪರೀಕ್ಷೆ ಮಾಡೋಕೆ ಎರಡು ಹುದ್ದೆ, ಒಂದು ಸಣ್ಣ ಲ್ಯಾಬ್ ಸಾಕು. ಇಲ್ಲಾಂದ್ರೆ ಡಿಗ್ರಿ ಮುಗಿದ ವಾರವೇ ನಾವೆಲ್ಲ ಬೆಂಗಳೂರು ಬಸ್ ಹತ್ತಿರ್ತೀವಿ.