ಹೆಸರಿಗೆ ಬಡ್ತಿ, ಕೈಗೆ ಕಟ್ಟು

ವಿಶ್ವವಿದ್ಯಾನಿಲಯದ ಮುಖ್ಯಸ್ಥರನ್ನು ಹಿಂದೆ ಉಪಕುಲಪತಿಗಳೆನ್ನುತ್ತಿದ್ದರು, ಈಗ ಕುಲಪತಿಗಳೆನ್ನುತ್ತಾರೆ. ಹೆಸರಿಗೇನೋ ಬಡ್ತಿ ಸಿಕ್ಕಿತು. ಅಧಿಕಾರಕ್ಕೂ ಸಿಕ್ಕಿತೇ ಎಂಬುದನ್ನು ನೋಡಬೇಕಾದವರು ಕೊಪ್ಪಳದ ಕಡೆ ಬರಬೇಕು.

2022ರ ಕಾಯಿದೆ ತಿದ್ದುಪಡಿಯಿಂದ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಕೊಪ್ಪಳದ್ದು ಅವುಗಳಲ್ಲೊಂದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಂವಹನ ಕಲಿಸುತ್ತಿದ್ದ ಪ್ರೊ. ಬಿ. ಕೆ. ರವಿ ಅವರು 2023ರಲ್ಲಿ ಅದರ ಮೊದಲ ಕುಲಪತಿಗಳಾದರು. ಎರಡು ವರ್ಷ ತುಂಬುವ ಹೊತ್ತಿಗೇ, 2025ರ ಫೆಬ್ರವರಿಯಲ್ಲಿ, ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಹಣದ ಮುಗ್ಗಟ್ಟು, ಸೌಕರ್ಯಗಳ ಕೊರತೆ ಎಂಬುದು ಕೊಟ್ಟ ಕಾರಣ. ತೊಟ್ಟಿಲು ಕಟ್ಟಿದ್ದು ಒಂದು ಸರ್ಕಾರ, ಹಗ್ಗ ಬಿಚ್ಚಲು ಹೊರಟದ್ದು ಇನ್ನೊಂದು. ಹಾಲೆರೆಯದ ವಿಷಯದಲ್ಲಿ ಮಾತ್ರ ಎರಡಕ್ಕೂ ಒಮ್ಮತ!

ಜಿಲ್ಲೆಗೊಂದು ವಿಶ್ವವಿದ್ಯಾನಿಲಯವೇಕೆ, ಗಟ್ಟಿಯಾದದ್ದು ನಾಲ್ಕಿದ್ದರೆ ಸಾಲದೆ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಗಟ್ಟಿಯಾದದ್ದು ಯಾವಾಗಲೂ ಬೇರೆಯವರ ಊರಲ್ಲೇ ಏಕಿರಬೇಕು? ನಿಜಾಮರ ಕಾಲದಲ್ಲಿ ನಮ್ಮವರಿಗಿದ್ದದ್ದು ಹೈದರಾಬಾದಿನ ಉಸ್ಮಾನಿಯಾ. ಅಲ್ಲಿ ಪಾಠ ಉರ್ದುವಿನಲ್ಲಿ. 1956ರ ಏಕೀಕರಣದ ಮೇಲೆ ಧಾರವಾಡ, 1980ರಿಂದ ಗುಲಬರ್ಗಾ, 2010ರಿಂದ ಬಳ್ಳಾರಿ. ಕುಷ್ಟಗಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಅಂಕಪಟ್ಟಿ ತಿದ್ದಿಸಲು ರೈತನ ಮಗಳು ಎಷ್ಟು ಸಲ ಬಸ್ಸು ಹತ್ತಬೇಕು? 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾಗಳಿವೆ. ಈ ಭಾಗಕ್ಕಾಗಿ ಸಂವಿಧಾನಕ್ಕೆ 371ಜೆ ಸೇರಿಸಿದವರೇ ಇಲ್ಲಿಯ ಖರ್ಚನ್ನು ಲಾಭನಷ್ಟದ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ಇನ್ನು ನಾಯಕತ್ವದ ಮಾತು. ಸಮರ್ಥ ಕುಲಪತಿಯಾದರೆ ಬರಿಗೈಯಲ್ಲೂ ಕಟ್ಟಿಯಾನು ಎಂಬ ಉಪದೇಶ ಕೇಳಿಬರುತ್ತದೆ. ಕೂಡಲೆ ಕುವೆಂಪು, ಪಾವಟೆಯವರ ಹೆಸರು ಹೇಳುತ್ತಾರೆ. ಕುವೆಂಪು ನಾಲ್ಕೇ ವರ್ಷಗಳಲ್ಲಿ ಮಾನಸಗಂಗೋತ್ರಿಗೆ ಅಡಿಪಾಯ ಹಾಕಿದ್ದು ನಿಜ. ಆದರೆ 1956ರಲ್ಲಿ ಅವರ ಕೈಗೆ ಬಂದದ್ದು ನಲವತ್ತು ವರ್ಷದ ಮೈಸೂರು ವಿಶ್ವವಿದ್ಯಾನಿಲಯ. ಡಿ. ಸಿ. ಪಾವಟೆಯವರು ಎಳೆಯ ಸಂಸ್ಥೆಯೊಂದನ್ನು ಧಾರವಾಡದಲ್ಲಿ ಬೆಳೆಸಿದರು. ಅದಕ್ಕೆ ಅವರಿಗೆ 1954ರಿಂದ 1967ರವರೆಗೆ ಹದಿಮೂರು ವರ್ಷ ದೊರೆಯಿತು. ಈಗಿನ ಕಾಯಿದೆಯಲ್ಲಿ ಕುಲಪತಿಯ ಅವಧಿ ನಾಲ್ಕು ವರ್ಷ. ಅದರಲ್ಲಿ ಅರ್ಧ ಅವಧಿ ಸಂಸ್ಥೆ ಉಳಿದೀತೇ ಎಂಬ ಚಿಂತೆಯಲ್ಲೇ ಕಳೆದರೆ, ಪಾವಟೆಯವರೇ ಮತ್ತೆ ಬಂದರೂ ಏನು ಮಾಡಿಯಾರು?

ಹಾಗೆಂದು ಕುಲಪತಿಗಳಿಗೆ ನಾನು ವಿನಾಯಿತಿ ಕೇಳುತ್ತಿಲ್ಲ. ಘಟಿಕೋತ್ಸವದ ಗೌನು, ಹಾರತುರಾಯಿಗಳಿಗಷ್ಟೇ ಆ ಕುರ್ಚಿಯಾದರೆ ಅದು ನಮಗೆ ಬೇಡ. ಗಂಗಾವತಿಯ ಭತ್ತದ ಗದ್ದೆಗಳ ಸವಳು, ಕುಷ್ಟಗಿಯ ಒಣಬೇಸಾಯ, ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳು—ಇವುಗಳನ್ನು ಇಲ್ಲಿಯ ವಿದ್ಯಾರ್ಥಿ ಓದದೆ ಇನ್ನಾರು ಓದಬೇಕು? ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅಲ್ಲಿ ಕನ್ನಡ ಕಲಿಯಲು ನಮ್ಮ ಹುಡುಗರು ಪರವೂರಿಗೆ ಹೋಗಬೇಕೆ?

ಸರ್ಕಾರಕ್ಕೆ ಇರುವುದು ಎರಡೇ ದಾರಿ. ಖಾಯಂ ಅಧ್ಯಾಪಕರನ್ನೂ ಹತ್ತು ವರ್ಷದ ಹಣವನ್ನೂ ಕೊಟ್ಟು, ಆಮೇಲೆ ಕುಲಪತಿಯಿಂದ ಲೆಕ್ಕ ಕೇಳಲಿ. ಇಲ್ಲವಾದರೆ, ಈ ಜಿಲ್ಲೆಗೆ ಉನ್ನತ ಶಿಕ್ಷಣ ಕೊಡುವ ಮನಸ್ಸು ತನಗಿಲ್ಲವೆಂದು ಜನರೆದುರು ನಿಂತು ಹೇಳಲಿ. ಬಿತ್ತದೆ ಬಿಟ್ಟವರು ಹೊಲ ಬರಡೆಂದು ಷರಾ ಬರೆಯುವುದು ಬೇಡ.