ದುಡ್ಡು ಕೊಟ್ಟು ತಂದ ಪ್ರಿಂಟರ್‌ಗೆ ಕಂಪನಿಯ ಬೀಗ

ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿ, ವಕೀಲರ ಕೊಠಡಿ, ಪತ್ರಬರಹಗಾರರ ಮೇಜು, ಎಲ್ಲಿ ಹೋದರೂ ಎಚ್‌ಪಿ ಲೇಸರ್‌ಜೆಟ್ 1020 ಅಥವಾ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಈಗಲೂ ಕಣ್ಣಿಗೆ ಬೀಳುತ್ತದೆ. ಸುಮಾರು ಎರಡು ದಶಕಗಳ ಹಿಂದೆ ಮಾರುಕಟ್ಟೆಗೆ ಬಂದ ಈ ಮಾದರಿಗಳು ಇಷ್ಟು ಬಾಳಿಕೆ ಬಂದದ್ದಕ್ಕೆ ಗಟ್ಟಿಮುಟ್ಟಾದ ಗೇರುಗಳಷ್ಟೇ ಕಾರಣವಲ್ಲ, ಅವುಗಳ ಕಾರ್ಟ್ರಿಜ್‌ನಲ್ಲಿ ಚಿಪ್ ಇಲ್ಲ ಎಂಬುದೂ ಕಾರಣ. ಎರಡು ಸಾವಿರ ಪುಟದ ಆಸುಪಾಸಿನಲ್ಲಿ ಅಕ್ಷರ ಮಸುಕಾಗತೊಡಗಿದರೆ ರೀಫಿಲ್ ಮಾಡುವವರು ಬಂದು ಹಳೆಯ ಪೇಪರ್ ಹಾಸಿ, ಪಕ್ಕದ ಪಿನ್ನು ಕಿತ್ತು ಕಾರ್ಟ್ರಿಜನ್ನು ಎರಡು ಹೋಳು ಮಾಡುತ್ತಾರೆ. ವೇಸ್ಟ್ ಟೋನರ್ ಕೊಡವಿ, ಹೊಸ ಪುಡಿ ತುಂಬಿ, ಡ್ರಮ್ಮಿನ ಮೇಲೆ ಗೆರೆ ಬಿದ್ದಿದ್ದರೆ ಡ್ರಮ್ಮನ್ನೂ ಬ್ಲೇಡನ್ನೂ ಬದಲಿಸಿ, ಮತ್ತೆ ಜೋಡಿಸಿ ಒಂದು ಟೆಸ್ಟ್ ಪ್ರಿಂಟ್ ತೆಗೆದು ತೋರಿಸುತ್ತಾರೆ. ಹೊಸ ಕಾರ್ಟ್ರಿಜ್‌ಗೆ ಆಗುವ ಖರ್ಚಿನ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಈ ವಹಿವಾಟಿಗೆ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ನಂತರ ಬಂದ ಹಲವು ಮಾದರಿಗಳಲ್ಲಿ ಇದೇ ಕೆಲಸ ಮಾಡಿ ಮುಗಿಸಿದರೂ ಪ್ರಿಂಟರ್ ಒಪ್ಪುವುದಿಲ್ಲ. ಪುಡಿ ಭರ್ತಿಯಾಗಿರುತ್ತದೆ, ಡ್ರಮ್ ಹೊಸದಿರುತ್ತದೆ, ಆದರೂ ಚಿಪ್ 'ಖಾಲಿ' ಎನ್ನುತ್ತದೆ. ಹೀಗಾಗಿ ಪುಡಿಯ ಜೊತೆ ಹೊಸ ಚಿಪ್ಪನ್ನೂ ಅಂಟಿಸುವುದು ಈಗ ರೀಫಿಲ್ ಕೆಲಸದ ಭಾಗವೇ ಆಗಿಬಿಟ್ಟಿದೆ.

ಉಗುರಿನಷ್ಟು ಗಾತ್ರದ ಈ ಚಿಪ್ ಎರಡು ಕೆಲಸ ಮಾಡುತ್ತದೆ. ಒಂದು, ಎಷ್ಟು ಪುಟ ಅಚ್ಚಾಯಿತು, ಇನ್ನೆಷ್ಟು ಶಾಯಿ ಉಳಿದಿರಬಹುದು ಎಂಬ ಲೆಕ್ಕ ಇಡುವುದು. ಇದರಿಂದ ಬಳಕೆದಾರರಿಗೆ ಅನುಕೂಲವೇ ಆಗುತ್ತದೆ, ತಕರಾರಿಲ್ಲ. ಇನ್ನೊಂದು, ಕಾರ್ಟ್ರಿಜ್ ಯಾರು ತಯಾರಿಸಿದ್ದು ಎಂದು ಪ್ರಿಂಟರ್‌ಗೆ ಗುರುತು ಹೇಳುವುದು. ಗುರುತು ಸರಿಹೊಂದದಿದ್ದರೆ ಅಚ್ಚು ಹಾಕುವುದನ್ನೇ ನಿಲ್ಲಿಸುವಂತೆ ಪ್ರಿಂಟರ್‌ನೊಳಗಿನ ತಂತ್ರಾಂಶವನ್ನು ಬರೆಯಬಹುದು. ಇದು ಎಷ್ಟು ದೂರ ಹೋಗಬಹುದು ಎಂಬುದು 2016ರ ಸೆಪ್ಟೆಂಬರ್ 13ರಂದು ಜಗತ್ತಿಗೆ ಗೊತ್ತಾಯಿತು. ಅಂದು ಹಲವು ದೇಶಗಳಲ್ಲಿ ಎಚ್‌ಪಿಯ ಆಫೀಸ್‌ಜೆಟ್ ಪ್ರಿಂಟರ್‌ಗಳು ಹಿಂದಿನ ದಿನದವರೆಗೆ ತಕರಾರಿಲ್ಲದೆ ಬಳಸುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಗೇ ತಿರಸ್ಕರಿಸಿದವು. ತಿಂಗಳುಗಳ ಹಿಂದೆಯೇ ಅಪ್‌ಡೇಟ್ ಮೂಲಕ ಒಳಸೇರಿದ್ದ ಆದೇಶ ಅಂದು ಜಾರಿಗೆ ಬಂದಿತ್ತು. ಪರದೆಯ ಮೇಲೆ ಮೂಡಿದ ಸಂದೇಶವಂತೂ ಇನ್ನೂ ವಿಚಿತ್ರ: ಕಾರ್ಟ್ರಿಜ್ ಹಾಳಾದಂತಿದೆ, ಬದಲಿಸಿ ಎಂದು. ಹಾಳಾದದ್ದು ಏನೂ ಇರಲಿಲ್ಲ. ಗಲಾಟೆಯಾದ ಮೇಲೆ ಕಂಪನಿ ಗ್ರಾಹಕರಿಗೆ ಸರಿಯಾಗಿ ತಿಳಿಸದೇ ಇದ್ದುದಕ್ಕಷ್ಟೇ ಕ್ಷಮೆ ಕೋರಿತು, ಬೇಕಾದವರು ಹಾಕಿಕೊಳ್ಳಲಿ ಎಂದು ಆ ತಡೆ ತೆಗೆಯುವ ತಂತ್ರಾಂಶವನ್ನೂ ಬಿಟ್ಟಿತು. ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯನ್ನು 2018ರಲ್ಲಿ 15 ಲಕ್ಷ ಡಾಲರ್ ಕೊಟ್ಟು ಬಗೆಹರಿಸಿಕೊಂಡಿತು. 2020ರ ಕೊನೆಯಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ಕಂಪನಿಗೆ ಒಂದು ಕೋಟಿ ಯೂರೊ ದಂಡ ಹಾಕಿತು. ನಿರ್ಬಂಧದ ವಿಷಯ ಖರೀದಿಗೆ ಮುನ್ನ ತಿಳಿಸಿರಲಿಲ್ಲ ಎಂಬುದು ಒಂದು ಆರೋಪ. ಯಾವ ಕಾರ್ಟ್ರಿಜ್ ಬಳಸಿದರೆಂದು ಗುಟ್ಟಾಗಿ ದಾಖಲಿಸಿಕೊಂಡು, ಅದನ್ನೇ ನೆಪ ಮಾಡಿ ವಾರಂಟಿ ನಿರಾಕರಿಸುತ್ತಿದ್ದರು ಎಂಬುದು ಇನ್ನೊಂದು. ಇಷ್ಟಾದರೂ ಪದ್ಧತಿ ನಿಲ್ಲಲಿಲ್ಲ. ಈಗ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ವಾದ ಇಷ್ಟು: ಇದು ನಮ್ಮ ಕಾರ್ಟ್ರಿಜ್ ಅಲ್ಲ, ಗುಣಮಟ್ಟಕ್ಕೆ ನಾವು ಹೊಣೆಯಲ್ಲ ಎಂದು ಎಚ್ಚರಿಸುವ ಹಕ್ಕು ತಯಾರಕರಿಗಿದೆ. ಎಚ್ಚರಿಕೆ ಓದಿಯೂ 'ಆಗಲಿ, ಮುಂದುವರಿಸು' ಎಂದ ಮಾಲೀಕನನ್ನು ತಡೆಯುವ ಹಕ್ಕು ಅವರಿಗಿಲ್ಲ. ಮಾರಿ ಆದ ಮೇಲೆ, ಅಪ್‌ಡೇಟ್ ನೆಪದಲ್ಲಿ ಹೊಸ ಷರತ್ತು ತುರುಕುವುದಂತೂ ಸಲ್ಲದು. ಈ ತಡೆ ಯಂತ್ರದ ಅಗತ್ಯವಲ್ಲ, ವ್ಯಾಪಾರದ ಅಗತ್ಯ ಎಂಬುದಕ್ಕೆ ತಯಾರಕರೇ ಪುರಾವೆ ಒದಗಿಸಿದ್ದಾರೆ. ಕೋವಿಡ್ ನಂತರ ಜಗತ್ತಿನಾದ್ಯಂತ ಚಿಪ್‌ಗಳ ಅಭಾವ ತಲೆದೋರಿದಾಗ ಕ್ಯಾನನ್ ತನ್ನದೇ ಟೋನರ್ ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆ ಮಾರಬೇಕಾಗಿ ಬಂತು. ಕ್ಯಾನನ್‌ನದೇ ಆಫೀಸ್ ಯಂತ್ರಗಳು ಕ್ಯಾನನ್‌ನದೇ ಟೋನರನ್ನು ಅನುಮಾನಿಸತೊಡಗಿದವು. ಆಗ 2022ರ ಜನವರಿಯಲ್ಲಿ ಕಂಪನಿಯ ಜರ್ಮನ್ ಶಾಖೆ, ಎಚ್ಚರಿಕೆಯ ಸಂದೇಶ ಬಂದರೆ ಯಾವ ಬಟನ್ ಒತ್ತಿ ಅದನ್ನು ದಾಟಿಹೋಗಬೇಕು ಎಂದು ಗ್ರಾಹಕರಿಗೆ ಮಾದರಿವಾರು ವಿವರಿಸಿತು. ಚಿಪ್ ಇಲ್ಲದಿದ್ದರೆ ಟೋನರ್ ಮಟ್ಟ ಸರಿಯಾಗಿ ತೋರದಿರಬಹುದು, ಮುದ್ರಣದ ಗುಣಮಟ್ಟಕ್ಕೆ ಧಕ್ಕೆಯಿಲ್ಲ ಎಂದೂ ಹೇಳಿತು. ರೀಫಿಲ್ ಅಂಗಡಿಯವರು ವರ್ಷಗಳಿಂದ ಹೇಳುತ್ತಿದ್ದುದೂ ಇದನ್ನೇ.

ಹೊರಗಿನ ಶಾಯಿ ಕಳಪೆ, ಹೆಡ್ ಕಟ್ಟಿಕೊಳ್ಳುತ್ತದೆ, ಟೋನರ್ ಸೋರುತ್ತದೆ ಎಂಬ ಆಕ್ಷೇಪದಲ್ಲಿ ನಿಜಾಂಶವಿದೆ. ಒಳ್ಳೆಯ ಕಂಪ್ಯಾಟಿಬಲ್ ಕಾರ್ಟ್ರಿಜ್ ಇರುವಂತೆ ಪುಟದ ತುಂಬ ಕಪ್ಪು ಮೆತ್ತುವಂಥದ್ದೂ ಇದೆ. ಒರಿಜಿನಲ್ ಡಬ್ಬಿಯ ವೇಷ ಹಾಕಿ ಮಾರುವ ನಕಲಿ ಮಾಲಿನದು ಬೇರೆಯದೇ ಕತೆ, ಅದು ವಂಚನೆ, ಅದಕ್ಕೆ ಪೊಲೀಸರಿದ್ದಾರೆ. ಆದರೆ 'ಕಂಪ್ಯಾಟಿಬಲ್' ಎಂದು ಮುಚ್ಚುಮರೆಯಿಲ್ಲದೆ ಬರೆದು ಮಾರಿದ್ದನ್ನು ನಕಲಿಯ ಸಾಲಿಗೆ ಸೇರಿಸುವುದು ಜಾಣತನದ ಗೊಂದಲ. ಹೊರಗಿನ ಶಾಯಿಯಿಂದಲೇ ಹೆಡ್ ಕೆಟ್ಟಿತು ಎಂದು ತೋರಿಸಿಕೊಟ್ಟರೆ ಆ ರಿಪೇರಿಗೆ ವಾರಂಟಿ ನಿರಾಕರಿಸಲಿ. ಕಾಗದ ಎಳೆಯುವ ರೋಲರ್ ಸವೆದದ್ದಕ್ಕೂ ಶಾಯಿಯನ್ನೇ ದೂರುವುದು ಬೇಡ. ಇನ್ನು ಸುರಕ್ಷತೆಯ ಮಾತು. ಕಾರ್ಟ್ರಿಜ್ ಚಿಪ್ ಮೂಲಕ ವೈರಸ್ ಪ್ರಿಂಟರ್‌ಗೆ, ಅಲ್ಲಿಂದ ಕಚೇರಿಯ ನೆಟ್‌ವರ್ಕಿಗೆ ನುಗ್ಗಬಹುದು ಎಂದು ಎಚ್‌ಪಿ ಮುಖ್ಯಸ್ಥರಾಗಿದ್ದ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹೇಳಿದ್ದರು. ಹಾಗೆ ನುಗ್ಗಬೇಕಾದರೆ ಚಿಪ್ಪಿನ ಮಾಹಿತಿ ಓದುವ ಪ್ರಿಂಟರ್ ತಂತ್ರಾಂಶದಲ್ಲೇ ಬಿರುಕಿರಬೇಕು. ಅದನ್ನು ಮುಚ್ಚಬೇಕಾದವರು ಪ್ರಿಂಟರ್ ತಯಾರಕರೇ ಹೊರತು ಶಾಯಿ ಕೊಳ್ಳುವವರಲ್ಲ. ಅದೂ ಅಲ್ಲದೆ ಚಿಪ್ಪನ್ನು ಕಾರ್ಟ್ರಿಜ್‌ಗೆ ತಂದು ಕೂರಿಸಿದವರು ಯಾರು?

ಅದೇ ಸಂದರ್ಶನದಲ್ಲಿ ಲೋರೆಸ್ ಇನ್ನೊಂದು ಮಾತನ್ನೂ ಆಡಿದ್ದರು. ಗ್ರಾಹಕರು ಪ್ರಿಂಟರ್ ಕೊಂಡಾಗ ಕಂಪನಿ ಅವರ ಮೇಲೆ ಹಣ ಹೂಡಿದಂತೆ, ಅವರು ಸಾಕಷ್ಟು ಪ್ರಿಂಟ್ ಮಾಡದಿದ್ದರೆ ಅಥವಾ ಕಂಪನಿಯ ಶಾಯಿ ಕೊಳ್ಳದಿದ್ದರೆ ಅದು ನಷ್ಟದ ಹೂಡಿಕೆ ಎಂಬರ್ಥದ ಮಾತು ಅದು. ವೈರಸ್ ಕತೆಗಿಂತ ಇದು ಪ್ರಾಮಾಣಿಕ, ಉತ್ತರ ಕೊಡಬೇಕಾದ ವಾದವೂ ಇದೇ. ಪ್ರಿಂಟರನ್ನು ಅಗ್ಗವಾಗಿ ಮಾರಿ ಲಾಭವನ್ನು ಶಾಯಿಯಲ್ಲಿ ವಸೂಲು ಮಾಡುವ ಪದ್ಧತಿಯಿಂದ ಕೈಯಲ್ಲಿ ಹೆಚ್ಚು ಹಣವಿಲ್ಲದವರಿಗೂ ಪ್ರಿಂಟರ್ ಸಿಗುತ್ತದೆ, ಹೊರಗಿನ ಶಾಯಿಗೆ ಬಿಟ್ಟರೆ ಪ್ರಿಂಟರ್ ಬೆಲೆ ಏರುತ್ತದೆ ಎನ್ನುತ್ತಾರೆ. ಏರಲಿ. ಕೊಳ್ಳುವ ದಿನವೇ ನಿಜವಾದ ಬೆಲೆ ಕಂಡರೆ ಗ್ರಾಹಕ ಹೋಲಿಸಿ ನೋಡಬಲ್ಲ. ಕೆಲವೇ ಮಿಲಿಲೀಟರ್ ಶಾಯಿಯ ಕಾರ್ಟ್ರಿಜ್ ಮೂರು ವರ್ಷದಲ್ಲಿ ಎಷ್ಟು ಬೇಕಾಗುತ್ತದೆ ಎಂದು ಅಂಗಡಿಯಲ್ಲಿ ನಿಂತು ಲೆಕ್ಕ ಹಾಕುವವರು ಎಷ್ಟು ಜನ? ಪ್ರಿಂಟರ್ ಬೆಲೆ ಏರಿದರೆ ಮಾರುಕಟ್ಟೆ ಕುಸಿಯುತ್ತದೆ ಎಂಬ ಭಯಕ್ಕೆ ಆಧಾರವೂ ಇಲ್ಲ. ಇಂಡೋನೇಷ್ಯಾದಲ್ಲಿ ಎಪ್ಸನ್ ಪ್ರಿಂಟರ್‌ಗಳಿಗೆ ಅಂಗಡಿಯವರೇ ಪಕ್ಕದಲ್ಲಿ ಶಾಯಿ ಡಬ್ಬಿ ಕೂರಿಸಿ, ಪೈಪ್ ಎಳೆದು ಮಾರುತ್ತಿದ್ದರು. ಅವರೊಡನೆ ಗುದ್ದಾಡುವ ಬದಲು ಎಪ್ಸನ್ 2010ರಲ್ಲಿ ಅಲ್ಲಿಯೇ ತನ್ನ ಇಂಕ್ ಟ್ಯಾಂಕ್ ಪ್ರಿಂಟರ್ ಬಿಡುಗಡೆ ಮಾಡಿತು. ಯಂತ್ರದ ಬೆಲೆ ಜಾಸ್ತಿ, ಶಾಯಿ ಸೋವಿ. ಎಪ್ಸನ್ ಎಲ್3110ನಂಥ ಮಾದರಿಯಲ್ಲಿ ಒಂದು ಬಾಟಲಿ ಕಪ್ಪು ಶಾಯಿಗೆ 4,500 ಪುಟ ಎಂಬುದು ಕಂಪನಿಯದೇ ಲೆಕ್ಕ. ಕ್ಯಾನನ್, ಎಚ್‌ಪಿ, ಬ್ರದರ್ ಕೂಡ ಅದೇ ಹಾದಿ ಹಿಡಿದವು. ಇಂದು ನಮ್ಮ ಊರುಗಳ ಸೈಬರ್ ಸೆಂಟರ್‌ಗಳಲ್ಲಿ ಕಾಣುವ ಬಣ್ಣದ ಪ್ರಿಂಟರ್‌ಗಳಲ್ಲಿ ಬಹುಪಾಲು ಇಂಥವೇ. ಬೀಗ ತೆಗೆಸಿದ್ದು ಕಂಪನಿಯ ಔದಾರ್ಯವಲ್ಲ, ಹೊರಗಿನ ಶಾಯಿಯ ಪೈಪೋಟಿ.

ಕಾನೂನಿನ ಕಡೆಯಿಂದಲೂ ಬೀಗಕ್ಕೆ ಅಷ್ಟೇನೂ ಬಲವಿಲ್ಲ. ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿ ತನ್ನ ಟೋನರ್ ಚಿಪ್ಪಿನಲ್ಲಿದ್ದ, ದೊಡ್ಡದೆಂದರೆ 55 ಬೈಟ್‌ನ ಪುಟ್ಟ ಪ್ರೋಗ್ರಾಮಿಗೆ ಹಕ್ಕುಸ್ವಾಮ್ಯ ಕೇಳಿ, ಬದಲಿ ಚಿಪ್ ತಯಾರಿಸಿದ ಸ್ಟ್ಯಾಟಿಕ್ ಕಂಟ್ರೋಲ್ ಕಂಪನಿಯನ್ನು ಕೋರ್ಟಿಗೆಳೆಯಿತು. ಕೆಳಗಿನ ಕೋರ್ಟ್ ಕೊಟ್ಟಿದ್ದ ತಡೆಯಾಜ್ಞೆಯನ್ನು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ತೆಗೆದುಹಾಕಿತು. ರಿಯಾಯಿತಿ ದರದಲ್ಲಿ, ಒಮ್ಮೆ ಮಾತ್ರ ಬಳಸಬೇಕೆಂಬ ಷರತ್ತು ಹಾಕಿ ಮಾರಿದ ಕಾರ್ಟ್ರಿಜನ್ನು ಮರುಭರ್ತಿ ಮಾಡಿದವರ ಮೇಲೆ ಪೇಟೆಂಟ್ ಹಕ್ಕು ಚಲಾಯಿಸಲು ಬರುವುದಿಲ್ಲ, ಮಾರಿದ ಕ್ಷಣವೇ ಆ ಹಕ್ಕು ಮುಗಿಯಿತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ ನಿಜ, ಆದರೆ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ತಮ್ಮದೇ ಪ್ರಿಂಟರಿನಲ್ಲಿ ತಮ್ಮದೇ ಅರ್ಜಿ ಅಚ್ಚುಹಾಕುವವರಿಗೆ ಅಂಥ ಉದ್ದೇಶ ಎಲ್ಲಿಂದ ಬಂತು? 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ 14 ಕಾರು ಕಂಪನಿಗಳಿಗೆ ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತ್ತು. ದಂಡದ ಮೊತ್ತದ ವಿಚಾರ ಆಮೇಲೆ ಮೇಲ್ಮನವಿಗಳಿಗೆ ಹೋಯಿತು. ಕಾರು ಕೊಂಡವನು ಬಿಡಿಭಾಗಕ್ಕಾಗಿ ಅದೇ ಕಂಪನಿಯ ಹಿಡಿತಕ್ಕೆ ಸಿಕ್ಕಿಬೀಳುತ್ತಾನೆ ಎಂಬ ಆಯೋಗದ ತರ್ಕದಲ್ಲಿ ಕಾರಿನ ಜಾಗಕ್ಕೆ ಪ್ರಿಂಟರ್ ಎಂದು ಹಾಕಿ ನೋಡಿದರೆ ಏನೂ ತಪ್ಪುವುದಿಲ್ಲ.

ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಾರ್ಟ್ರಿಜ್ ಸಹಿತ ಪ್ರಿಂಟರ್‌ಗೆ ಜಾಗವಿದೆ. ಒಂದು ಕೈಯಿಂದ ತ್ಯಾಜ್ಯ ಕಡಿಮೆ ಮಾಡಿ ಎಂದು ಹೇಳುವ ಸರ್ಕಾರ, ಇನ್ನೂ ಬಳಸಬಹುದಾದ ಡಬ್ಬಿಯನ್ನು ಎಸೆಯುವಂತೆ ಮಾಡುವ ಚಿಪ್ಪನ್ನು ನೋಡಿಯೂ ಸುಮ್ಮನಿದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕನ್ನು ಮೊದಲಿಗೆ ಆರಿಸಿಕೊಂಡಿತು. ಪ್ರಿಂಟರ್ ಕೂಡ ಅಲ್ಲಿಗೆ ಬರಬೇಕು. ಕಾಯ್ದೆಗಾಗಿ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ರಾಜ್ಯದ ಇಲಾಖೆಗಳು, ನ್ಯಾಯಾಲಯಗಳು, ವಿಶ್ವವಿದ್ಯಾಲಯಗಳು, ಗ್ರಾಮ ಪಂಚಾಯಿತಿಗಳು ಪ್ರಿಂಟರ್ ಕೊಳ್ಳುವಾಗ ಟೆಂಡರಿನಲ್ಲಿ ಇಂಥದೊಂದು ಷರತ್ತು ಹಾಕಬಹುದು: ಮರುಭರ್ತಿ ಮಾಡಿದ ಅಥವಾ ಬೇರೆ ತಯಾರಕರ ಕಾರ್ಟ್ರಿಜ್ ಹಾಕಿದಾಗ ಯಂತ್ರ ಎಚ್ಚರಿಕೆ ಕೊಡಬಹುದು, ಕೆಲಸ ನಿಲ್ಲಿಸಕೂಡದು, ಮುಂದೆ ಬರುವ ಯಾವ ಅಪ್‌ಡೇಟ್ ಕೂಡ ಇದನ್ನು ಬದಲಿಸಕೂಡದು. ಸರ್ಕಾರದಷ್ಟು ದೊಡ್ಡ ಗಿರಾಕಿಯನ್ನು ಬಿಟ್ಟುಕೊಡಲು ಯಾವ ಕಂಪನಿಯೂ ಸುಲಭಕ್ಕೆ ತಯಾರಾಗುವುದಿಲ್ಲ. ಅದಕ್ಕಾಗಿ ತಯಾರಿಸಿದ ಮಾದರಿಯೇ ನಾಳೆ ಅಂಗಡಿಗೂ ಬರುತ್ತದೆ.